ಓದುಗರ ಪ್ರಶ್ನೆ: ವರ್ಣಮಾಲೆ ಬಾಯಿಪಾಠ, ಓದು ಮಾತ್ರ ಬರುತ್ತಿಲ್ಲ

ಪ್ರಶ್ನೆ: ಮಗಳಿಗೆ ಐದು ತುಂಬಿದೆ. ಮನೆಮಾತು ಕನ್ನಡ, ಶಾಲೆ ಇಂಗ್ಲಿಷ್. ಅ ದಿಂದ ಳ ವರೆಗೆ ಒಂದೇ ಉಸಿರಿಗೆ ಹೇಳುತ್ತಾಳೆ. ನಡುವಿನ ಯಾವುದಾದರೂ ಅಕ್ಷರ ತೋರಿಸಿದರೆ ಮಾತ್ರ ಮೊದಲಿನಿಂದ ಎಣಿಸಿಕೊಂಡು ಬರುತ್ತಾಳೆ.
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಅವಳಿಗೆ ಬಂದಿರುವುದು ಹಾಡು, ಅಕ್ಷರ ಇನ್ನೂ ಬಂದಿಲ್ಲ. 49 ಅಕ್ಷರ ಮುಗಿಯಲಿ, ಆಮೇಲೆ ಪದ ಎಂದು ಕಾಯಬೇಡಿ. ಕರ್ನಾಟಕದ ಸರ್ಕಾರಿ ಶಾಲೆಗಳ ನಲಿ-ಕಲಿ (ಆಡುತ್ತ ಕಲಿಯುವ) ತರಗತಿಗಳಲ್ಲಿ ಮೊದಲು ಹಿಡಿಯುವುದು ರ, ಗ, ಸ, ದ, ಅ. ಈ ಐದರಲ್ಲೇ ಸರ, ರಸ, ದರ, ಅರಸ, ಗರಗಸ ಎಲ್ಲ ಸಿಗುತ್ತವೆ. ಮುಂದಿನ ಐದು ಜ, ವ, ಮ, ಬ, ನ ಸೇರಿದರೆ ಮರ, ಜನ, ವನ.

ಅಂಚಿರುವ ಸ್ಟೀಲ್ ತಟ್ಟೆಗೆ ಅರ್ಧ ಲೋಟ ರವೆ ಹರಡಿ, ಬೆರಳಿನಲ್ಲಿ ಬರೆಸಿ. ರವೆಯ ಪದರ ದಪ್ಪವಾದರೆ ಗೆರೆ ಕುಸಿದು ಅಕ್ಷರ ಕಾಣುವುದಿಲ್ಲ, ಗೀಚಿದಲ್ಲಿ ತಟ್ಟೆಯ ತಳ ಹೊಳೆಯಬೇಕು. ಉಪ್ಪು ಬೇಡ, ನಮ್ಮ ಮಳೆಗಾಲದಲ್ಲಿ ಅದು ನೀರೊಡೆದು ಬೆರಳಿಗಂಟುತ್ತದೆ.

ಜೊತೆಗೆ ಅಡುಗೆಮನೆಯ ನಾಲ್ಕೇ ಡಬ್ಬಿಗೆ ಚೀಟಿ ಅಂಟಿಸಿ: ರವೆ, ಬೇಳೆ, ಕಡಲೆ, ಅಕ್ಕಿ. ಅಕ್ಷರ ಎರಡು ಬೆರಳಗಲ ಎತ್ತರವಿರಲಿ. ಚಿತ್ರ ಬರೆಯಬೇಡಿ, ಬರೆದರೆ ಅವಳು ಓದುವುದು ಚಿತ್ರವನ್ನು. ಅಡುಗೆ ಮಾಡುವಾಗ ‘ಕಡಲೆ ಡಬ್ಬಿ ಕೊಡು ಪುಟ್ಟಾ’ ಅನ್ನಿ. ಎರಡು ದಿನ ಸರಿಯಾಗಿ ಕೊಟ್ಟಳೆಂದು ಹಿಗ್ಗಬೇಡಿ, ಅವಳಿಗೆ ಗೊತ್ತಾಗಿರುವುದು ಡಬ್ಬಿಯ ಜಾಗ. ಮೂರನೆಯ ದಿನ ಡಬ್ಬಿಗಳನ್ನು ಅದಲುಬದಲು ಮಾಡಿ. ಆಮೇಲೆ ಚೀಟಿಗಳನ್ನೇ ಕಿತ್ತು ನೆಲದ ಮೇಲೆ ಹರಡಿ, ಅವಳೇ ಅಂಟಿಸಲಿ. ಓದಾಯಿತೋ ಇಲ್ಲವೋ ಅಲ್ಲಿ ತಿಳಿಯುತ್ತದೆ.

ಒತ್ತಕ್ಷರಕ್ಕೆ ಅಕ್ಕಿ, ಉಪ್ಪು, ಹಿಟ್ಟು ಮೊದಲು: ಇವುಗಳ ಒತ್ತು ಮೂಲಾಕ್ಷರವನ್ನೇ, ತಲೆಕಟ್ಟಿದ್ದರೆ ಅದನ್ನು ತೆಗೆದು, ಚಿಕ್ಕದು ಮಾಡಿದಂತಿರುತ್ತದೆ. ಬೆಲ್ಲ, ಅನ್ನ ಆಮೇಲೆ ಬರಲಿ, ಅಲ್ಲಿ ಒತ್ತಿನ ರೂಪವೇ ಬೇರೆ.

ಕಾವಲಿಯ ಮೇಲೆ ದೋಸೆ ಹಿಟ್ಟಿನಲ್ಲಿ ಅಕ್ಷರ ಬಿಡುವವರಿಗೆ ಒಂದು ಮಾತು. ಮಗುಚಿ ಹಾಕಿದರೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಮುಚ್ಚಳ ಮುಚ್ಚಿ ಬೇಯಿಸಿ, ಹಾಗೆಯೇ ಬಡಿಸಿ.

ಪ್ರಶ್ನೆ: ಏಳು ವರ್ಷದ ಮಗ ಮರಾಠಿ ಸರಾಗವಾಗಿ ಓದುತ್ತಾನೆ. ಕನ್ನಡ ಅಕ್ಷರಗಳೂ ಗೊತ್ತು. ಆದರೆ ‘ಮರ’ವನ್ನು ‘ಮರ್’ ಅನ್ನುತ್ತಾನೆ. ಬೆಳೆ, ಬೇಳೆ ಎರಡೂ ಅವನಿಗೆ ಒಂದೇ. ಬುದ್ಧಿ ಮಂದವೇ ಎಂದು ಅತ್ತೆಯವರಿಗೆ ಚಿಂತೆ.
– ಓದುಗರು, ಹಡಪ್ಸರ್, ಪುಣೆ

ಉತ್ತರ: ಮಂದವಾಗಿದ್ದರೆ ಮರಾಠಿ ಸರಾಗವಾಗಿ ಬರುತ್ತಿತ್ತೇ? ಅಲ್ಲಿಯ ರೂಢಿಯನ್ನೇ ಇಲ್ಲಿಗೂ ತರುತ್ತಿದ್ದಾನೆ, ಅಷ್ಟೆ.

ನಿಮ್ಮ ಊರಿನ ಬೋರ್ಡನ್ನೇ ತೋರಿಸಿ. ದೇವನಾಗರಿಯಲ್ಲಿ ಹ, ಡ, ಪ, ಸ, ರ ಎಂದು ಐದು ಬಿಡಿ ಅಕ್ಷರ ಬರೆದು ಹಡಪ್ಸರ್ ಎಂದು ಓದುತ್ತಾರೆ, ನಡುವಿನ ಪ, ಕೊನೆಯ ರ ಎರಡರ ಅಕಾರವೂ ನುಂಗಿಹೋಗುತ್ತದೆ. ಕನ್ನಡದಲ್ಲಿ ನುಂಗುವ ಹಾಗಿಲ್ಲ. ರ ಇದ್ದರೆ ರ, ರ್ ಇದ್ದರೆ ರ್. ಬಸ್ಸಿನಲ್ಲಿ ಹೋಗುವಾಗ ಮೂರು ನಿಲ್ದಾಣದ ಹೆಸರು ಹಿಡಿದುಕೊಳ್ಳಿ, ಮನೆಗೆ ಬಂದು ಅವನ್ನು ಕನ್ನಡದಲ್ಲಿ ಬರೆಯಲಿ. ಸ್ವಾರ್‌ಗೇಟ್ ಬರೆಯುವಾಗ ಅರ್ಧಾಕ್ಷರ ಎಲ್ಲೆಲ್ಲಿ ಬೇಕೆಂದು ತಾನೇ ಹುಡುಕಬೇಕಾಗುತ್ತದೆ.

ಇನ್ನು ಬೆಳೆ, ಬೇಳೆ. ಮರಾಠಿ ಬರಹದಲ್ಲಿ ಎ, ಏ ಎರಡಕ್ಕೂ ಒಂದೇ ಗುರುತು, ಒ, ಓ ಗಳಿಗೂ ಅಷ್ಟೇ. ಹಾಗಾಗಿ ಆ ದೀರ್ಘದ ಗುರುತನ್ನು ನೋಡುವ ಅಭ್ಯಾಸವೇ ಅವನ ಕಣ್ಣಿಗಿಲ್ಲ. ಎರಡೂ ಪದಗಳನ್ನು ಚೀಟಿಯಲ್ಲಿ ಬರೆದು, ‘ಸಾರಿಗೆ ಹಾಕೋದು ಯಾವುದು? ಹೊಲದಲ್ಲಿರೋದು ಯಾವುದು?’ ಎಂದು ಕೇಳಿ. ಒಲೆ–ಓಲೆ, ಕೊಡು–ಕೋಡು ಜೋಡಿಗಳಿಗೂ ಹೀಗೆಯೇ. ಓದುವಾಗ ದೀರ್ಘದ ಗುರುತಿನ ಉದ್ದಕ್ಕೂ ಬೆರಳೆಳೆಯುತ್ತ ಸ್ವರವನ್ನೂ ಎಳೆಯಲಿ.

ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಸಂತೆ ಚೀಟಿ. ಕೋಸು, ಸೊಪ್ಪು, ಬೇಳೆ, ಬೆಲ್ಲ, ಬೆಂಡೆ: ಐದೇ ಸಾಕು. ಅವನು ಕನ್ನಡದಲ್ಲಿ ಓದಬೇಕು, ನೀವು ಅಂಗಡಿಯವನಿಗೆ ಮರಾಠಿಯಲ್ಲಿ ಹೇಳಬೇಕು. ತಪ್ಪು ಓದಿದ ತಕ್ಷಣ ತಿದ್ದಬೇಡಿ. ಪದ ಮುಗಿಸಲಿ, ಐದು ಎಣಿಸುವಷ್ಟು ಸುಮ್ಮನಿರಿ. ‘ಕೊಸು’ ಅಂತ ತರಕಾರಿ ಇಲ್ಲವಲ್ಲ ಎಂದು ಬಹಳ ಸಲ ಅವನಿಗೇ ಹೊಳೆಯುತ್ತದೆ.

ಪ್ರಶ್ನೆ: ಮಗನಿಗೆ ರಾತ್ರಿ ಒಂದೇ ಕಥೆಪುಸ್ತಕ ಬೇಕೆಂದು ಹಟ. ಈಗ ಪುಸ್ತಕ ನೋಡದೆಯೂ ‘ಓದುತ್ತಾನೆ’. ಇದು ಮೋಸವಲ್ಲವೇ?
– ಓದುಗರು, ವಾಸ್ಕೋ

ಉತ್ತರ: ಅಲ್ಲ. ಅದೇ ಪುಸ್ತಕ ಓದಿ, ಆದರೆ ಪ್ರತಿ ಪದದ ಕೆಳಗೆ ಅವನ ಬೆರಳಿರಲಿ. ಬಾಯಿ ಮುಂದೆ ಓಡಿ ಬೆರಳು ಹಿಂದುಳಿದರೆ ಸಾಲಿನ ಮೊದಲಿಗೆ ಹೋಗಿ. ಒಂದು ವಾರ ಬಿಟ್ಟು ಸಾಲಿನ ನಡುವಿನ ಪದ ತೋರಿಸಿ ಕೇಳಿ. ಮೊದಲಿನಿಂದ ಗುನುಗುತ್ತ ಬೆರಳಿಟ್ಟುಕೊಂಡು ಬಂದು ಸರಿಯಾಗಿ ಆ ಪದದ ಮೇಲೆ ನಿಂತರೆ, ಬಾಯಿಪಾಠ ಓದಿನ ಕಡೆಗೆ ಹೊರಳಿದೆ.