ತಾರಸಿಯ ಮೇಲೆ 14 ಇಂಚಿನ ಕಟ್-ಆಫ್ ಯಂತ್ರದಿಂದ ಕಬ್ಬಿಣ ಕತ್ತರಿಸುವವರಿಗೆ

ಪುಣೆ ಬಳಿಯ ವಾಘೋಲಿಯ ಮನೆಯ ತಾರಸಿಯ ಮೇಲೆ ಶೆಡ್ ಹಾಕಿಕೊಳ್ಳಲು 14 ಇಂಚಿನ ಕಟ್-ಆಫ್ ಯಂತ್ರ (ತಿರುಗುವ ಚಕ್ರದಿಂದ ಕಬ್ಬಿಣ ಕತ್ತರಿಸುವ ಯಂತ್ರ) ಕೊಂಡಿರುವುದಾಗಿ ಬರೆದು, ಮೂರು ಪ್ರಶ್ನೆ ಕೇಳಿದ್ದೀರಿ: ಯಾವ ಗ್ಲೌಸ್ ಹಾಕಬೇಕು, ಗುರುತಿನ ಗೆರೆಗೆ ಅಡ್ಡ ಬರುವ ಗಾರ್ಡನ್ನು (ಚಕ್ರದ ಮೇಲಿನ ಕವಚ) ಬಿಚ್ಚಬಹುದೇ, ಅದೇ ಯಂತ್ರದಲ್ಲಿ ಅಲ್ಯೂಮಿನಿಯಂ ಸೆಕ್ಷನ್ ಕೂಡ ಕತ್ತರಿಸಬಹುದೇ. ನಾನು ವಿಜಯಪುರ ಜಿಲ್ಲೆಯವನು. ಪುಣೆಯ ಭೋಸರಿ ಎಂ.ಐ.ಡಿ.ಸಿ. ಕೈಗಾರಿಕಾ ಪ್ರದೇಶದ ಒಂದು ಫ್ಯಾಬ್ರಿಕೇಶನ್ ಗಾಳಾದಲ್ಲಿ (ಸಣ್ಣ ಕಾರ್ಖಾನೆಯ ಜಾಗಕ್ಕೆ ಇಲ್ಲಿಯವರು ಹೇಳುವ ಹೆಸರು ಇದು) ಹೆಲ್ಪರ್ ಆಗಿ ಸೇರಿ, ಇಪ್ಪತ್ತೆರಡು ವರ್ಷಗಳಲ್ಲಿ ಮೇಲ್ವಿಚಾರಕನಾಗಿದ್ದೇನೆ. ಗ್ಲೌಸಿನ ಮಾತನ್ನು ಕೊನೆಗೆ ಇಡುತ್ತೇನೆ, ಏಕೆಂದರೆ ಈ ಯಂತ್ರದಿಂದ ಆದ ಅನಾಹುತಗಳಲ್ಲಿ ನಾನು ಕಣ್ಣಾರೆ ಕಂಡ ಹೆಚ್ಚಿನವು ಸ್ವಿಚ್ ಒತ್ತುವ ಮೊದಲೇ, ಪೈಪನ್ನು ವೈಸಿನಲ್ಲಿ (ಯಂತ್ರದ ತಳದಲ್ಲಿ ಪೈಪನ್ನು ಬಿಗಿದು ಹಿಡಿಯುವ ಹಿಡಿತ) ಹಿಡಿಸುವಾಗಲೇ ನಿರ್ಧಾರವಾಗಿಬಿಟ್ಟಿದ್ದವು.

ಮೊದಲು ಗಾರ್ಡಿನ ಪ್ರಶ್ನೆ. ಬಿಚ್ಚಬೇಡಿ. ನಿಮ್ಮ ಯಂತ್ರದ ಚಕ್ರ 355 ಮಿಲಿಮೀಟರ್ ವ್ಯಾಸದ್ದು. ಈ ಅಳತೆಯ ಯಂತ್ರಗಳು ಸಾಮಾನ್ಯವಾಗಿ ನಿಮಿಷಕ್ಕೆ 3,800 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತವೆ. ಲೆಕ್ಕ ಹಾಕಿದರೆ ಚಕ್ರದ ಅಂಚು ಸೆಕೆಂಡಿಗೆ ಸುಮಾರು 70 ಮೀಟರ್, ಅಂದರೆ ಗಂಟೆಗೆ 250 ಕಿಲೋಮೀಟರಿನಷ್ಟು ವೇಗದಲ್ಲಿ ಓಡುತ್ತಿರುತ್ತದೆ. ಅದು ಉಕ್ಕಿನ ಗರಗಸವೂ ಅಲ್ಲ. ಅಲ್ಯೂಮಿನಿಯಂ ಆಕ್ಸೈಡಿನ ಹರಳುಗಳನ್ನು ರಾಳದಲ್ಲಿ ಕಲಸಿ, ಗಾಜಿನ ನೂಲಿನ ಬಲೆಯನ್ನು ನಡುವೆ ಇಟ್ಟು ಒತ್ತಿದ, ಮೂರು ಮಿಲಿಮೀಟರ್ ದಪ್ಪದ ಬಿಲ್ಲೆ. ಅಡ್ಡ ಬಾಗಿಸಿದರೆ ಹಪ್ಪಳದಂತೆ ಮುರಿಯುತ್ತದೆ.

ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿಯುತ್ತಾ ಬಂದಿದ್ದಾಗ, ಶೆಡ್ಡಿನ ಮೂಲೆಯಲ್ಲಿ ಸಿಮೆಂಟಿನ ನೆಲದ ಮೇಲೆ ಎರಡು ತಿಂಗಳು ಬಿದ್ದಿದ್ದ ಒಂದು ಚಕ್ರವನ್ನು ನಾನೇ ಒರೆಸಿ ಏರಿಸಿದೆ. ಇಂಡಿ ಕಡೆಯ ಹುಡುಗನೊಬ್ಬ ಆಗಷ್ಟೇ ಕೆಲಸಕ್ಕೆ ಸೇರಿದ್ದ. "ಅಣ್ಣಾರ, ಗಾರ್ಡ್ ತೆಗದ್ರ ಗೆರಿ ಚಂದ ಕಾಣ್ತೈತ್ರಿ" ಎಂದು ಬೆಳಿಗ್ಗೆಯಿಂದ ಎರಡು ಬಾರಿ ಹೇಳಿದ್ದ. ನಾನು ಅವನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಪೈಪ್ ಇಡದೆ ಬರಿದೇ ಯಂತ್ರ ಹಚ್ಚಿದೆ. ಹತ್ತು ಸೆಕೆಂಡೂ ಆಗಿರಲಿಲ್ಲ; ಪಟಾಕಿ ಸಿಡಿದಂಥ ಸದ್ದು ಬಂತು, ಯಂತ್ರ ಒಮ್ಮೆ ಜಿಗಿದು ನಡುಗಿತು, ಅರ್ಧಚಂದ್ರದಂಥ ಒಂದು ತುಂಡು ಮುಂದಿನ ತಗಡಿನ ಗೋಡೆಯನ್ನು ಸೀಳಿಕೊಂಡು ಅಲ್ಲೇ ಸಿಕ್ಕಿಬಿತ್ತು. ಉಳಿದ ತುಂಡುಗಳೆಲ್ಲ ಗಾರ್ಡಿನ ಒಳಗೆ ಪುಡಿಯಾಗಿ ಬಿದ್ದಿದ್ದವು, ಗಾರ್ಡಿನ ಒಳಮೈಯಲ್ಲಿ ಬೆರಳು ಇಡುವಷ್ಟು ತಗ್ಗು ಬಿದ್ದಿತ್ತು. ಆ ಹುಡುಗ ಮತ್ತೆ ಗಾರ್ಡಿನ ಮಾತು ಎತ್ತಲಿಲ್ಲ.

ತಪ್ಪು ನನ್ನದು. ರಾಳದ ಚಕ್ರ ತೇವ ಹೀರಿದರೆ ಅದರ ಬಂಧ ಸಡಿಲಾಗುತ್ತದೆ. ಅದಕ್ಕಾಗಿಯೇ ಒಳ್ಳೆಯ ತಯಾರಕರು ಚಕ್ರದ ನಡುವಿನ ಲೋಹದ ಬಳೆಯ ಮೇಲೆ ಎಷ್ಟರೊಳಗೆ ಬಳಸಬೇಕೆಂಬ ತಿಂಗಳು, ವರ್ಷವನ್ನು ಒತ್ತಿರುತ್ತಾರೆ, ಸಾಮಾನ್ಯವಾಗಿ ತಯಾರಾದಂದಿನಿಂದ ಮೂರು ವರ್ಷ. ರವಿವಾರ ಪೇಟೆಯ ಬೋಹರಿ ಆಳಿಯಲ್ಲಿ ಕೊಂಡರೂ ನಿಮ್ಮ ಓಣಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡರೂ ಆ ಬಳೆಯನ್ನು ತಿರುಗಿಸಿ ಓದಿಯೇ ದುಡ್ಡು ಕೊಡಿ. ಅದರ ಜೊತೆಗೆ ಚಕ್ರದ ಮೇಲೆ ಅಚ್ಚಾಗಿರುವ ಗರಿಷ್ಠ ಸುತ್ತಿನ ಸಂಖ್ಯೆಯು ಯಂತ್ರದ ಫಲಕದ ಮೇಲಿನ ಸಂಖ್ಯೆಗಿಂತ ಕಡಿಮೆ ಇರಬಾರದು. ಮನೆಗೆ ತಂದ ಮೇಲೆ ತೆಳು ಚಕ್ರಗಳನ್ನು ಒಣ ಜಾಗದಲ್ಲಿ, ಸಮತಟ್ಟಾದ ಹಲಗೆಯ ಮೇಲೆ ಮಲಗಿಸಿ ಇಡಿ. ಗೋಡೆಗೆ ಒರಗಿಸಿ ನಿಲ್ಲಿಸಿದರೆ ಸೊಟ್ಟಗಾಗುತ್ತವೆ. ಕೈಜಾರಿ ನೆಲಕ್ಕೆ ಬಿದ್ದ ಚಕ್ರವನ್ನು, ಬಿರುಕು ಕಾಣದಿದ್ದರೂ, ನಾನು ಎರಡು ತುಂಡು ಮಾಡಿ ಕಸಕ್ಕೆ ಹಾಕಿಸುತ್ತೇನೆ. ಹೊಸ ಚಕ್ರವನ್ನು ಏರಿಸಿದಾಗಲೆಲ್ಲ, ಅದರ ನೇರಕ್ಕೆ ಯಾರೂ ಇಲ್ಲದಂತೆ ನೋಡಿಕೊಂಡು, ಪಕ್ಕದಲ್ಲಿ ನಿಂತು ಒಂದು ನಿಮಿಷ ಬರಿದೇ ಓಡಿಸಿ. ಚಕ್ರ ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪಿನ್ನನ್ನೇ ಸಾಕೆಟ್ಟಿನಿಂದ ಕಿತ್ತಿಡಿ.

ಗಾರ್ಡ್ ಇದ್ದರೆ ಗೆರೆ ಕಾಣುವುದಿಲ್ಲ ಎಂಬ ನಿಮ್ಮ ತೊಂದರೆ ನಿಜವಾದದ್ದೇ. ಅದಕ್ಕೆ ಪರಿಹಾರ ಹೀಗಿದೆ: ಪಿನ್ ಕಿತ್ತಿಟ್ಟು, ವೈಸನ್ನು ಸಡಿಲವಾಗಿ ಹಿಡಿಸಿ, ಯಂತ್ರದ ತೋಳನ್ನು ಕೈಯಿಂದ ಕೆಳಗಿಳಿಸಿ ಚಕ್ರದ ಅಂಚು ಪೈಪನ್ನು ಮುಟ್ಟುವಂತೆ ಮಾಡಿ, ಗೆರೆ ಅಂಚಿನ ಯಾವ ಬದಿಗೆ ಬರಬೇಕೋ ಅಲ್ಲಿಗೆ ಪೈಪನ್ನು ಸರಿಸಿ, ವೈಸನ್ನು ಬಿಗಿದು, ತೋಳನ್ನು ಮೇಲೆತ್ತಿ, ಆಮೇಲೆ ಪಿನ್ ಹಾಕಿ. ಚಕ್ರ ಮೂರು ಮಿಲಿಮೀಟರ್ ತಿಂದುಹಾಕುತ್ತದೆ ಎಂಬುದನ್ನು ಅಳತೆಯಲ್ಲಿ ಸೇರಿಸಿಕೊಳ್ಳಿ. ಒಂದೇ ಉದ್ದದ ತುಂಡುಗಳು ಹಲವು ಬೇಕಿದ್ದರೆ ಮೊದಲನೆಯದನ್ನು ಹೀಗೆ ಹೊಂದಿಸಿ, ವೈಸಿಗೆ ಸಿಕ್ಕಿಸಿಕೊಂಡಿರುವ ಬದಿಯಲ್ಲಿ ಒಂದು ತಡೆ ಇಟ್ಟುಕೊಳ್ಳಬಹುದು. ಕತ್ತರಿಸಿ ಬೀಳುವ ಬದಿಯಲ್ಲಿ ತಡೆ ಇಡಬಾರದು. ಏಕೆಂದರೆ ತುಂಡಾದ ಚೂರು ತಡೆಗೂ ಚಕ್ರಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ.

ಹೀಗೆ ಸಿಕ್ಕಿಕೊಳ್ಳುವುದೇ ಈ ಯಂತ್ರದ ನಿಜವಾದ ಕುತ್ತು. ನಮ್ಮಲ್ಲಿ ಪೈಪುಗಳು ಸಾಮಾನ್ಯವಾಗಿ ಆರು ಮೀಟರ್ ಉದ್ದದಲ್ಲಿ ಬರುತ್ತವೆ. ಅಷ್ಟುದ್ದದ ಚೌಕ ಪೈಪಿನ ಒಂದು ತುದಿಯನ್ನು ವೈಸಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ತಾರಸಿಯ ನೆಲಕ್ಕೆ ತಾಗುವಂತೆ ಬಿಟ್ಟರೆ, ಪೈಪ್ ತನ್ನ ಭಾರಕ್ಕೆ ತಾನೇ ಬಾಗಿ ವೈಸನ್ನು ಎಳೆಯುತ್ತಿರುತ್ತದೆ. ಆದುದರಿಂದ ವೈಸಿನ ಬದಿಯ ಉದ್ದ ಭಾಗಕ್ಕೆ, ವೈಸಿನ ತಳದಷ್ಟೇ ಎತ್ತರದಲ್ಲಿ, ಎರಡು ಕಡೆ ಆಸರೆ ಕೊಡಿ. ಇಟ್ಟಿಗೆ ಪೇರಿಸಿದರೂ ನಡೆದೀತು, ಆದರೆ ಅಲುಗಾಡಬಾರದು. ತುಂಡಾಗಿ ಬೀಳುವ ಭಾಗವನ್ನು ಮಾತ್ರ ಬಿಟ್ಟುಬಿಡಿ. ಬೀಳುತ್ತದಲ್ಲಾ ಎಂದು ಆ ಬದಿಯ ತುದಿಗೂ ಆಸರೆ ಕೊಟ್ಟರೆ, ಅಥವಾ ಜೊತೆಗಿದ್ದವರು ಅದನ್ನು ಕೈಯಲ್ಲಿ ಎತ್ತಿ ಹಿಡಿದರೆ, ಕತ್ತರಿಸುತ್ತಾ ಹೋದಂತೆ ಸೀಳು ಮುಚ್ಚಿಕೊಳ್ಳುತ್ತದೆ, ಚಕ್ರ ಎರಡು ಕಡೆಯಿಂದಲೂ ಅದುಮಿಸಿಕೊಳ್ಳುತ್ತದೆ, ಆಮೇಲೆ ಯಂತ್ರ ಒದೆಯುತ್ತದೆ ಇಲ್ಲವೇ ಚಕ್ರ ಒಡೆಯುತ್ತದೆ. ಸಹಾಯ ಮಾಡಲು ಹೋದವನಿಂದಲೇ ಹೀಗಾದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ನೋಡಿದ್ದೇನೆ. ಬೀಳಬೇಕಾದ ಭಾಗ ತೀರಾ ಉದ್ದವಾಗಿದ್ದರೆ ಪೈಪನ್ನು ತಿರುಗಿಸಿ, ಉದ್ದನೆಯದು ವೈಸಿನ ಕಡೆಗೆ ಬರುವಂತೆ ಮಾಡಿಕೊಳ್ಳಿ. ವೈಸಿಗೆ ಸಿಗದಷ್ಟು ಚಿಕ್ಕ ತುಂಡನ್ನು ಕೈಯಲ್ಲಿ ಹಿಡಿದು ಕತ್ತರಿಸುವ ಯೋಚನೆಯನ್ನೇ ಬಿಡಿ.

ಎಲ್-ಆ್ಯಂಗಲ್ ಕತ್ತರಿಸುವಾಗ ಅದನ್ನು ಒಂದು ಮಗ್ಗುಲಿನ ಮೇಲೆ ಮಲಗಿಸಬೇಡಿ. ಹಂಚಿನ ಮನೆಯ ಮಾಡಿನಂತೆ, ಮೂಲೆ ಮೇಲಕ್ಕೆ ಬರುವ ಹಾಗೆ ಹಿಡಿಸಿ. ಆಗ ಚಕ್ರಕ್ಕೆ ಯಾವ ಹೊತ್ತಿನಲ್ಲೂ ಸ್ವಲ್ಪವೇ ಕಬ್ಬಿಣ ಎದುರಾಗುತ್ತದೆ. ತೋಳನ್ನು ಒತ್ತುವ ಬಲವನ್ನು ಕಿವಿಯಿಂದ ಅಳೆಯಬೇಕು: ಮೋಟರಿನ ಸ್ವರ ಇಳಿಯಿತೆಂದರೆ ನೀವು ಅತಿಯಾಗಿ ಒತ್ತುತ್ತಿದ್ದೀರಿ ಎಂದರ್ಥ, ಕೈ ಸಡಿಲಿಸಿ. ಕತ್ತರಿಸಿ ಮುಗಿದ ಮೇಲೆ ತೋಳನ್ನು ಮೇಲೆತ್ತಿ ಸ್ವಿಚ್ ಬಿಟ್ಟರೂ ಚಕ್ರ ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ. ಅದು ಪೂರಾ ನಿಲ್ಲುವವರೆಗೆ ವೈಸಿಗೆ ಕೈ ಹಾಕಬಾರದು. ಸ್ವಿಚ್ಚನ್ನು ಒತ್ತಿ ಹಿಡಿಯುವ ಬೇಸರಕ್ಕೆ ಬೈಂಡಿಂಗ್ ತಂತಿ ಸುತ್ತುವವರಿದ್ದಾರೆ. ಅಂಥ ಯಂತ್ರದ ಹತ್ತಿರವೂ ಸುಳಿಯಬೇಡಿ. ಮೂರು ಮಿಲಿಮೀಟರ್ ಚಕ್ರದ ಮಗ್ಗುಲಿಗೆ ಪೈಪಿನ ತುದಿ ಒತ್ತಿ ಚೂಪಾದ ಅಂಚು ಸವೆಸುವ ಅಭ್ಯಾಸವೂ ನಮ್ಮಲ್ಲಿ ಬಹಳ. ಆ ಕೆಲಸಕ್ಕೆ ಅರ (ಫೈಲ್) ಇದೆ, ಆರು ಮಿಲಿಮೀಟರಿನ ಗ್ರೈಂಡಿಂಗ್ ಚಕ್ರ ಇದೆ.

ಅಲ್ಯೂಮಿನಿಯಂ ಸೆಕ್ಷನ್ನನ್ನು ಈ ಯಂತ್ರಕ್ಕೆ ಕೊಡಬೇಡಿ. ಅದು ಮೆತ್ತನೆಯ ಲೋಹ, 660 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುವಂಥದ್ದು. ಕಬ್ಬಿಣಕ್ಕೆಂದು ಮಾಡಿದ ಚಕ್ರದ ಹರಳುಗಳ ಸಂದಿಯಲ್ಲಿ ಮೆತ್ತಿಕೊಂಡು ಕೂರುತ್ತದೆ, ಚಕ್ರ ಕತ್ತರಿಸುವುದನ್ನು ಬಿಟ್ಟು ಬರೀ ಉಜ್ಜತೊಡಗುತ್ತದೆ, ಕಾದು ಒಡೆಯುವ ಸ್ಥಿತಿಗೆ ಬರುತ್ತದೆ. ಇದನ್ನು ಓದಿ, ಹಾಗಾದರೆ ಹಲ್ಲಿನ ಕಾರ್ಬೈಡ್ ಬ್ಲೇಡನ್ನೇ ಇದಕ್ಕೆ ಹಾಕೋಣ ಎಂದು ನಿಮಗೆ ಅನ್ನಿಸಬಹುದು. ಅದು ಇನ್ನೂ ದೊಡ್ಡ ತಪ್ಪು. ಕಬ್ಬಿಣ ಕತ್ತರಿಸುವ 14 ಇಂಚಿನ ಹಲ್ಲಿನ ಬ್ಲೇಡುಗಳು ನಿಮ್ಮ ಯಂತ್ರದ ಅರ್ಧ ವೇಗಕ್ಕಿಂತಲೂ ಕಡಿಮೆ ವೇಗದಲ್ಲಿ ಓಡುವ ಬೇರೆ ಯಂತ್ರಕ್ಕೆಂದು ಮಾಡಿದವು. ಅಲ್ಯೂಮಿನಿಯಂ ಕತ್ತರಿಸಲು ಕಿಟಕಿ ಮಾಡುವವರ ಬಳಿ ಅದರದೇ ಬ್ಲೇಡಿನ ಯಂತ್ರ ಇರುತ್ತದೆ. ಅಳತೆ ಬರೆದುಕೊಟ್ಟರೆ ಕತ್ತರಿಸಿ ಕೊಡುತ್ತಾರೆ. ನೀವು ಕೊಂಡ ಪೈಪ್ ಜಿ.ಐ. (ಸತುವಿನ ಲೇಪದ ಕಬ್ಬಿಣ) ಆಗಿದ್ದರೆ ಕತ್ತರಿಸುವಾಗ ಸತುವಿನ ಹೊಗೆಯೂ ಏಳುತ್ತದೆ. ತೆರೆದ ತಾರಸಿಯಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಹೆಚ್ಚಿನ ತೊಂದರೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ದಿನವಿಡೀ ಕುಡಿದರೆ ಸಂಜೆಗೆ ಮೈ ನಡುಗಿ ಜ್ವರ ಬರುವುದುಂಟು. ಬೆಲ್ಲ ತಿಂದರೆ ಹೊಗೆ ಇಳಿದುಹೋಗುತ್ತದೆ ಎಂದು ನಮ್ಮ ಮಿಸ್ತ್ರಿಗಳು ನಂಬುತ್ತಾರೆ. ಬೆಲ್ಲ ತಿನ್ನುವುದಕ್ಕೆ ನನ್ನ ತಕರಾರಿಲ್ಲ, ಆದರೆ ಕಿಟಕಿ ತೆರೆದಿಟ್ಟು ತಿನ್ನಲಿ.

ತಾರಸಿ ಎಂದಿದ್ದೀರಾದ್ದರಿಂದ ಕಿಡಿಗಳ ಬಗ್ಗೆ ಒಂದು ಮಾತು. ಅವು ಹತ್ತು ಮೀಟರಿನವರೆಗೂ ಹಾರಬಲ್ಲವು. ಪೇಂಟ್, ಥಿನ್ನರ್, ಗ್ಯಾಸ್ ಸಿಲಿಂಡರ್, ಒಣಗಲು ಹಾಕಿದ ಬಟ್ಟೆ, ನೀರಿನ ಪ್ಲಾಸ್ಟಿಕ್ ಟ್ಯಾಂಕಿನ ಮೇಲೆ ಹೊದಿಸಿದ ಗೋಣಿಚೀಲ, ಯಾವುದೂ ಕಿಡಿಯ ದಾರಿಯಲ್ಲಿರಬಾರದು. ಕೆಲಸ ಮುಗಿಸಿದ ಮೇಲೂ ಅರ್ಧ ಗಂಟೆ ಅಲ್ಲೇ ಇದ್ದು ಮೂಲೆಗಳನ್ನು ನೋಡಿ. ಕಿಡಿಗಳೆಂದರೆ ಉರಿಯುವ ಕಬ್ಬಿಣದ ಕಣಗಳು. ಕಾರಿನ ಗಾಜಿಗೆ ಬಿದ್ದರೆ ಅದರಲ್ಲಿ ಕರಗಿ ನೆಲೆಸುತ್ತವೆ, ಬಿಳಿ ಟೈಲ್ಸ್ ಮೇಲೆ ಬಿದ್ದರೆ ಮೊದಲ ಮಳೆಗೆ ತುಕ್ಕಿನ ಚುಕ್ಕೆಗಳಾಗಿ ಎದ್ದುಬರುತ್ತವೆ. ಖಾಲಿ ಎಣ್ಣೆಯ ಡ್ರಮ್ಮನ್ನು ಕತ್ತರಿಸಿ ಶೆಡ್ಡಿಗೆ ತಗಡು ಮಾಡುವ ಆಸೆಯಿದ್ದರೆ ಬಿಟ್ಟುಬಿಡಿ, ಒಳಗೆ ಉಳಿದ ಆವಿಗೆ ಒಂದು ಕಿಡಿ ಸಾಕು.

ಕರೆಂಟಿನ ವಿಷಯ ಚಿಕ್ಕದು. ಎರಡು ಸಾವಿರ ವ್ಯಾಟಿನ ಮೇಲಿನ ಯಂತ್ರ 230 ವೋಲ್ಟಿಗೆ ಒಂಬತ್ತು–ಹತ್ತು ಆಂಪಿಯರ್ ಎಳೆಯುತ್ತದೆ, ಆದುದರಿಂದ 16 ಆಂಪಿಯರಿನ ಸಾಕೆಟ್, 2.5 ಚದರ ಮಿಲಿಮೀಟರಿನ ಮೂರು ತಂತಿಯ ಎಕ್ಸ್‌ಟೆನ್ಶನ್, ಸರಿಯಾದ ಅರ್ಥಿಂಗ್, 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. (ಕರೆಂಟು ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್) ಬೇಕು. ಸುರುಳಿ ಸುತ್ತಿದ ವೈರನ್ನು ಪೂರ್ತಿ ಬಿಚ್ಚಿ ಹಾಸಿ, ಸುರುಳಿಯಲ್ಲೇ ಬಿಟ್ಟರೆ ಕಾಯುತ್ತದೆ. ತಾರಸಿ ಒದ್ದೆಯಿದ್ದ ದಿನ ಕೆಲಸ ಬೇಡ.

ಇನ್ನು ಮೈಮೇಲೆ ಧರಿಸುವುದು. ಮೊದಲನೆಯದು ಕಣ್ಣು. 1948ರ ಕಾರ್ಖಾನೆಗಳ ಕಾಯ್ದೆಯ 35ನೇ ಕಲಂ ಕಣ್ಣಿನ ರಕ್ಷಣೆಗೆಂದೇ ಇದ್ದದ್ದು. ಆದರೂ 2009ರಲ್ಲಿ ನಾನು ಓದುವ ಕನ್ನಡಕವನ್ನೇ ನಂಬಿ ನಿಂತಿದ್ದೆ. ಬದಿಯಿಂದ ಬಂದ ಒಂದು ಕಣ ಎಡಗಣ್ಣಿಗೆ ಬಿತ್ತು. ಗೆಳೆಯನೊಬ್ಬ ಕರವಸ್ತ್ರದ ತುದಿಯಿಂದ ತೆಗೆಯಲು ಹೋಗಿ ಇನ್ನಷ್ಟು ಉಜ್ಜಿದ. ಮರುದಿನ ಕಣ್ಣಿನ ವೈದ್ಯರು ನೋಡುವಷ್ಟರಲ್ಲಿ ಕಣದ ಸುತ್ತ ತುಕ್ಕಿನ ಉಂಗುರ ಕಟ್ಟಿತ್ತು. ಹನಿ ಹಾಕಿ ಮರಗಟ್ಟಿಸಿ, ಬರ್ ಎಂಬ ಸಣ್ಣ ತಿರುಗುವ ಉಪಕರಣದಿಂದ ಕೆರೆದು ತೆಗೆದರು. ವರ್ಷಗಳ ನಂತರ ಬೆನ್ನುನೋವಿಗೆ ಎಂ.ಆರ್.ಐ. ಮಾಡಿಸಲು ಹೋದಾಗ, ಎಂದಾದರೂ ಕಣ್ಣಿಗೆ ಲೋಹ ಬಿದ್ದಿತ್ತೇ ಎಂದು ಕೇಳಿ, ಕಣ್ಣಿನ ಎಕ್ಸ್-ರೇ ತೆಗೆಸಿದ ಮೇಲೆಯೇ ಒಳಗೆ ಬಿಟ್ಟರು. ಆದುದರಿಂದ ಮೊದಲು ಸುತ್ತಲೂ ಮುಚ್ಚುವ ಗಾಗಲ್ಸ್, ಅದರ ಮೇಲೆ ಮುಖದ ಶೀಲ್ಡ್, ಕಿವಿಗೆ ಇಯರ್ ಪ್ಲಗ್, ಮೂಗಿಗೆ ಧೂಳಿನ ಮಾಸ್ಕ್. ಬಟ್ಟೆ ಹತ್ತಿಯದಿರಲಿ, ಸಿಂಥೆಟಿಕ್ ಆದರೆ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಪ್ಯಾಂಟಿನ ಅಂಚು ಬೂಟಿನ ಹೊರಗೆ ಬರಲಿ. ಕೊರಳಿನ ಟವೆಲ್, ಕೈಯ ಕಡಗ, ಹೊರಗೆ ಜೋತಾಡುವ ಜನಿವಾರ ಅಥವಾ ಲಿಂಗದ ದಾರ ಯಂತ್ರದ ಮುಂದೆ ಬೇಡ.

ಕೊನೆಗೆ ನಿಮ್ಮ ಗ್ಲೌಸ್. ಕತ್ತರಿಸುವ ಹೊತ್ತಿನಲ್ಲಿ ನಿಮ್ಮ ಒಂದು ಕೈ ಹಿಡಿಕೆಯ ಮೇಲೆ, ಇನ್ನೊಂದು ಕೈ ಚಕ್ರದಿಂದ ದೂರ ಇರುತ್ತದೆ. ಅಲ್ಲಿ ಗ್ಲೌಸ್ ಮಾಡುವ ಕೆಲಸ ಕಡಿಮೆ. ಅಂಗಡಿಯಲ್ಲಿ ಡಜನ್ನಿನ ಲೆಕ್ಕದಲ್ಲಿ ಸಿಗುವ ಸಡಿಲವಾದ ಹತ್ತಿಯ ಹೆಣೆದ ಗ್ಲೌಸನ್ನು ತಿರುಗುವ ಯಂತ್ರದ ಬಳಿ ಹಾಕಲೇಬೇಡಿ, ಅದರ ಒಂದು ನೂಲು ಸಿಕ್ಕಿದರೂ ಕೈಯನ್ನು ಒಳಗೆಳೆದುಕೊಳ್ಳುತ್ತದೆ. ಕೈಗೆ ಸರಿಹೊಂದುವ ಚರ್ಮದ ಗ್ಲೌಸ್ ಒಂದು ಜೊತೆ ಇಟ್ಟುಕೊಂಡು, ಪೈಪ್ ಹೊರುವಾಗ ಮತ್ತು ಚಕ್ರ ನಿಂತ ಮೇಲೆ ತುಂಡನ್ನು ಎತ್ತುವಾಗ ಹಾಕಿಕೊಳ್ಳಿ. ಆಗಲೂ ಕತ್ತರಿಸಿದ ತುದಿಯನ್ನು ಮುಟ್ಟದೆ, ತಣ್ಣಗಿರುವ ತುದಿಯನ್ನೇ ಹಿಡಿಯಿರಿ. ಈಗ ತಾನೇ ಕತ್ತರಿಸಿದ ಕಬ್ಬಿಣ ನೋಡಲು ತಣ್ಣಗಿನ ಕಬ್ಬಿಣದಂತೆಯೇ ಇರುತ್ತದೆ.