ಲೇಬರ್ ರೂಮಿಗೆ ಹುಡುಗರನ್ನು ಬಿಡದಿದ್ದರೆ

ಲೇಬರ್ ರೂಮ್ (ಹೆರಿಗೆ ಕೋಣೆ) ಪೋಸ್ಟಿಂಗ್‌ನಲ್ಲಿ ನರ್ಸಿಂಗ್ ಓದುವ ಹುಡುಗರನ್ನು ಹೊರಗೆ ಕಳಿಸುತ್ತಾರೆ, ನೋಡಿದ ಹೆರಿಗೆಗಳನ್ನು ದಾಖಲಿಸುವ ಕೇಸ್ ಬುಕ್ ತುಂಬುತ್ತಿಲ್ಲ ಎಂದಿದ್ದೀರಿ. ಮೊದಲು ಒಂದು ವಿಷಯ ಬಿಡಿಸಿ ನೋಡಿ: ಬೇಡ ಎಂದವರು ಯಾರು? ಗರ್ಭಿಣಿಯೇ ಬೇಡ ಎಂದರೆ ಅಲ್ಲಿಗೆ ಮುಗಿಯಿತು, ಅದು ಅವರ ಹಕ್ಕು. ಅವರನ್ನು ಕೇಳದೆಯೇ ಸಿಸ್ಟರ್ "ಹುಡುಗರು ಹೊರಗೆ" ಎಂದರೆ ಅದು ತಾರತಮ್ಯ. ಬಿಎಸ್ಸಿ ನರ್ಸಿಂಗ್ ಪಠ್ಯಕ್ರಮದಲ್ಲಿ ಮಿಡ್‌ವೈಫರಿ (ಹೆರಿಗೆ ಆರೈಕೆ) ಹುಡುಗ, ಹುಡುಗಿ ಇಬ್ಬರಿಗೂ ಇದೆ.

ಹುಡುಗರು ಸಾಮಾನ್ಯವಾಗಿ ಎಡವುವುದು ಸಮಯದಲ್ಲಿ. ಹೆರಿಗೆ ಹತ್ತಿರವಾದಾಗ ಗುಂಪಾಗಿ ಒಳಗೆ ನುಗ್ಗಿದರೆ ಯಾವ ಹೆಂಗಸು ಒಪ್ಪುತ್ತಾಳೆ? ದಾಖಲಾದ ಹೊತ್ತಿನಿಂದಲೇ ಒಬ್ಬ ವಿದ್ಯಾರ್ಥಿ ಒಬ್ಬ ಗರ್ಭಿಣಿಯನ್ನು ನೋಡಿಕೊಳ್ಳಿ. ಸ್ಟಾಫ್ ಸಿಸ್ಟರ್ ಜೊತೆಗಿರುವಾಗ, "ಅಕ್ಕಾ, ನಾನು ನರ್ಸಿಂಗ್ ವಿದ್ಯಾರ್ಥಿ, ಮಗುವಿನ ಎದೆಬಡಿತ ನೋಡಬಹುದಾ?" ಎಂದು ಕೇಳಿ. ಗರ್ಭಕಂಠ 4 ಸೆಂ.ಮೀ. ತೆರೆದ ಮೇಲೆ ಸರಳೀಕೃತ ಪಾರ್ಟೋಗ್ರಾಫ್ (ಹೆರಿಗೆ ಹೇಗೆ ಸಾಗುತ್ತಿದೆ ಎಂದು ಗುರುತಿಸುವ ಚಾರ್ಟ್) ಶುರು: ಎದೆಬಡಿತ, ನೋವಿನ ಲೆಕ್ಕ, ತಾಯಿಯ ನಾಡಿ ಅರ್ಧ ಗಂಟೆಗೊಮ್ಮೆ. ಅದನ್ನು ನೀವೇ ಬರೆಯುತ್ತಿದ್ದರೆ ಹೊರಗೆ ಕಳಿಸುವುದು ಸಿಸ್ಟರಿಗೂ ಕಷ್ಟ! ಒಳಪರೀಕ್ಷೆಗೆ ಮಾತ್ರ ಬೇರೆಯಾಗಿ ಒಪ್ಪಿಗೆ ಕೇಳಿ. ಪರದೆ, ಜೊತೆಗೆ ಮಹಿಳಾ ಸಿಬ್ಬಂದಿ ಇರಲೇಬೇಕು.

ತಡೆದ ದಿನ ದಿನಾಂಕ, ಶಿಫ್ಟ್, ಹೇಳಿದ ಕಾರಣ ಬರೆದಿಡಿ; ರೋಗಿಯ ಹೆಸರು ಬೇಡ. ವಾರ್ಡಿನಲ್ಲಿ ಜಗಳ ಬೇಡ. ಕಾಲೇಜಿನ ಓಬಿಜಿ (ಪ್ರಸೂತಿ ಮತ್ತು ಸ್ತ್ರೀರೋಗ) ವಿಭಾಗದ ಮುಖ್ಯಸ್ಥರ ಮೂಲಕ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟು, ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಪತ್ರ ಹೋಗುವಂತೆ ಮಾಡಿ. "ನ್ಯಾಯ ಬೇಕು" ಎನ್ನುವುದಕ್ಕಿಂತ ಎಷ್ಟು ಕೇಸ್ ಬಾಕಿ, ಯಾವ ವಾರ ರಾತ್ರಿ ಪಾಳಿ ಅಥವಾ ತಾಲ್ಲೂಕು ಆಸ್ಪತ್ರೆ ಪೋಸ್ಟಿಂಗ್ ಬೇಕು ಎಂದು ಬರೆಯಿರಿ. ಪೋಸ್ಟಿಂಗ್ ಮುಗಿಯುವ ಮೊದಲೇ ಕೊಡಿ. ಗೆಳತಿಯ ಕೇಸ್ ನಕಲು ಮಾಡಿದರೆ ಪ್ರಾಕ್ಟಿಕಲ್‌ನಲ್ಲಿ ಎರಡೇ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ.