ಅಯಸ್ಕಾಂತಕ್ಕೆ ಅಂಟಿದ ಕಪ್ಪು ಪುಡಿ ವಿಷವೇ?

ಪ್ರಶ್ನೆ: ಮೇಡಂ, ನಮ್ಮ ಹೊಲದ ಪಕ್ಕದಲ್ಲಿ ಹಿಂದೆ ಎರಕದ ಕಾರ್ಖಾನೆ ಇತ್ತು. ಮುಚ್ಚಿ ಬಹಳ ವರ್ಷವಾಯಿತು. ಮೊನ್ನೆ ಮಗಳು ಹಳೇ ಸ್ಪೀಕರಿನ ಅಯಸ್ಕಾಂತವನ್ನು ಹೊಲದ ಮಣ್ಣಲ್ಲಿ ಎಳೆದಾಡಿದಾಗ ಕಪ್ಪು ಪುಡಿ ಮುಳ್ಳುಮುಳ್ಳಾಗಿ ಮೆತ್ತಿಕೊಂಡಿತು. ಮಣ್ಣಿನ ಕಾಂತಗುಣ ಅಳೆದು ಮಾಲಿನ್ಯ ಪತ್ತೆ ಮಾಡುತ್ತಾರೆಂದು ಕೇಳಿದ್ದೇನೆ. ಹಾಗಾದರೆ ನಮ್ಮ ಮಣ್ಣು ಕೆಟ್ಟಿದೆಯೇ?

ಉತ್ತರ: ಮಗಳ ಕೈಯಿಂದ ಅಯಸ್ಕಾಂತ ಕಿತ್ತುಕೊಳ್ಳಬೇಡಿ. ಆ ಪುಡಿ ಕಂಡು ಹೆದರಲೂಬೇಡಿ. ಸುತ್ತ ಯಾವ ಕಾರ್ಖಾನೆಯೂ ಇಲ್ಲದ ಕಡೆ ಕೂಡ ಒಣಮಣ್ಣಿಗೆ ಅಯಸ್ಕಾಂತ ಹಿಡಿದರೆ ಒಂದಿಷ್ಟು ಅಂಟೇ ಅಂಟುತ್ತದೆ. ಅದು ಹೆಚ್ಚಾಗಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡ್. ಮಣ್ಣಿನ ಕಬ್ಬಿಣದಲ್ಲಿ ಬಹುಪಾಲು ಇರುವುದು ತುಕ್ಕಿನ ಜಾತಿಯ ಖನಿಜಗಳಲ್ಲಿ. ಅವು ಮಣ್ಣಿಗೆ ಕೆಂಪು, ಹಳದಿ ಬಣ್ಣ ಕೊಡುತ್ತವೆಯೇ ಹೊರತು ಅಯಸ್ಕಾಂತಕ್ಕೆ ಅಷ್ಟಾಗಿ ಓಗೊಡುವುದಿಲ್ಲ. ಮ್ಯಾಗ್ನಟೈಟ್ ಹಾಗಲ್ಲ, ಕೆಂಪು ಹೆಮಟೈಟ್‌ಗಿಂತ ಅದರ ಕಾಂತಶಕ್ತಿ ನೂರಾರು ಪಟ್ಟು ಹೆಚ್ಚು. ಚಿಟಿಕೆಯಷ್ಟಿದ್ದರೂ ಇಡೀ ಮಣ್ಣಿನ ಅಳತೆಯನ್ನು ನಿರ್ಧರಿಸುವುದು ಅದೇ.

ಇನ್ನು ಕಾರ್ಖಾನೆಯ ಸಂಗತಿ. ಕಲ್ಲಿದ್ದಲಿನಲ್ಲಿ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜವಿರುತ್ತದೆ. ಕುಲುಮೆಯ ಬೆಂಕಿಯಲ್ಲಿ ಗಂಧಕ ಹೊಗೆಯಾಗಿ ಹೋಗುತ್ತದೆ, ಕಬ್ಬಿಣ ಕರಗಿ ಸಣ್ಣ ಸಣ್ಣ ಹನಿಯಾಗಿ, ಆರುವಾಗ ಮ್ಯಾಗ್ನಟೈಟ್ ಗುಂಡುಗಳಾಗಿ ಗಟ್ಟಿಯಾಗುತ್ತದೆ. ಚಿಮಣಿಯ ಹಾರುಬೂದಿ, ಕಬ್ಬಿಣ ಕರಗಿಸುವಲ್ಲಿಯ ದೂಳು, ವಾಹನದ ಬ್ರೇಕ್ ಸವೆದ ಪುಡಿ, ಎಲ್ಲದರಲ್ಲೂ ಇಂಥ ಕಣಗಳಿವೆ. ಅದೇ ಬೆಂಕಿಯಿಂದ ಹೊರಟ ಸೀಸ, ಸತು, ಕ್ಯಾಡ್ಮಿಯಂ ಈ ಕಣಗಳ ಒಳಗೆ ಸೇರಿಕೊಂಡೋ ಮೈಗೆ ಅಂಟಿಕೊಂಡೋ ಜೊತೆಗೇ ನೆಲಕ್ಕೆ ಬೀಳುತ್ತವೆ. ಕಾಂತಗುಣ ಅಳೆಯುವ ನಮ್ಮ ಮೀಟರಿಗೆ ಸೀಸ ಕಾಣುವುದಿಲ್ಲ, ಅದಕ್ಕೆ ಕಾಣುವುದು ಸೀಸದ ಜೊತೆಗಾರ. ಈ ಒಂದು ಮಾತು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ಹೊಲದಲ್ಲಿ ಅಳೆಯುವ ರೀತಿ ಹೇಳುತ್ತೇನೆ. ಒಂದು ಕೋಲು, ಅದರ ತುದಿಗೆ ದೊಡ್ಡ ಬಳೆಯಂಥ ಸಂವೇದಕ. ನಾನು ಬಳಸುವ ಬಳೆಯ ಅಡ್ಡಳತೆ 18.5 ಸೆಂ.ಮೀ. ಮೊದಲು ಬಳೆಯನ್ನು ಗಾಳಿಯಲ್ಲಿ ಎತ್ತಿ ಹಿಡಿದು ಸೊನ್ನೆ ಮಾಡುವುದು, ಆಮೇಲೆ ಹುಲ್ಲು ಸರಿಸಿ ನೆಲಕ್ಕೆ ಒತ್ತಿ ಓದುವುದು, ಮತ್ತೆ ಗಾಳಿಗೆ ಎತ್ತಿ ಸೊನ್ನೆ ಜಾರಿದೆಯೇ ನೋಡುವುದು. ಒಂದೇ ಜಾಗದ ಸುತ್ತ ಹತ್ತಾರು ಸಲ ಓದಿ ಸರಾಸರಿ ತೆಗೆಯುತ್ತೇವೆ. ಬಳೆಯ ಹತ್ತಿರ ಬೀಗದ ಕೈ ತರಬಾರದು, ಬೆಲ್ಟಿನ ಬಕಲ್ ತರಬಾರದು, ಮೂತಿಗೆ ಉಕ್ಕು ಹಾಕಿದ ಬೂಟಂತೂ ಬೇಡವೇ ಬೇಡ. ಮಣ್ಣಲ್ಲೊಂದು ಹಳೇ ಮೊಳೆ ಹೂತಿದ್ದರೂ ಅಂಕಿ ದಿಢೀರನೆ ಏರುತ್ತದೆ, ಎರಡು ಹೆಜ್ಜೆ ಆಚೆ ಸರಿದರೆ ಇಳಿದುಬಿಡುತ್ತದೆ. ಬಳೆಗೆ ಕಾಣುವುದು ಮೇಲಿನ ಕೆಲವೇ ಸೆಂ.ಮೀ. ಮಣ್ಣು, ಹೆಚ್ಚೆಂದರೆ ಹತ್ತು. ಆಕಾಶದಿಂದ ಬಿದ್ದ ದೂಳು ಇರುವುದೂ ಅಲ್ಲೇ, ಹಾಗಾಗಿ ಸಾಕು.

ಒಂದು ಓದಿಗೆ ಕೆಲವೇ ಸೆಕೆಂಡು. ರಾಸಾಯನಿಕ ಪರೀಕ್ಷೆಗಾದರೆ ಮಣ್ಣು ಒಣಗಿಸಿ, ಜರಡಿ ಹಿಡಿದು, ಆಮ್ಲದಲ್ಲಿ ಕರಗಿಸಿ, ದುಬಾರಿ ಯಂತ್ರಕ್ಕೆ ಕೊಡಬೇಕು. ಅದಕ್ಕೇ ಮೊದಲು ಬಳೆ ಹಿಡಿದು ಇಡೀ ಪ್ರದೇಶ ಸುತ್ತಿ ನಕ್ಷೆ ಬರೆದು, ಅಂಕಿ ಏರಿದ ಕಡೆ ಮಾತ್ರ ಮಣ್ಣು ಅಗೆದು ಲ್ಯಾಬಿಗೆ ಒಯ್ಯುತ್ತೇವೆ. ಪೋಲೆಂಡಿನ ಅಪ್ಪರ್ ಸೈಲೀಷಿಯಾ ಕಲ್ಲಿದ್ದಲು ಗಣಿ, ಲೋಹದ ಕುಲುಮೆಗಳ ನಾಡು. ಅಲ್ಲಿನ ಕಾಡುಮಣ್ಣನ್ನು ಹೀಗೆ ಅಳೆದು ಬರೆದ ನಕ್ಷೆಗಳಲ್ಲಿ ಕೈಗಾರಿಕಾ ವಲಯ ಎದ್ದು ಕಾಣುತ್ತದೆ.

ಆದರೆ ಅಂಕಿ ಏರಿದ್ದೆಲ್ಲ ಮಾಲಿನ್ಯವಲ್ಲ. ಜನ ಎಡವುವುದು ಇಲ್ಲೇ. ಬಸಾಲ್ಟ್ ಬಂಡೆಯಿಂದಾದ ಮಣ್ಣಿನಲ್ಲಿ ಹುಟ್ಟಿನಿಂದಲೇ ಮ್ಯಾಗ್ನಟೈಟ್ ಜಾಸ್ತಿ, ಸುಣ್ಣಕಲ್ಲಿನ ಮಣ್ಣಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಎರಡೂ ಕಡೆ ಒಂದೇ ಅಂಕಿ ಬಂದರೆ ಅರ್ಥ ಬೇರೆಬೇರೆ. ಬಿಡಿಸಿಕೊಳ್ಳಲು ಆಳಕ್ಕೆ ಹೋಗಬೇಕು. ಚಿಮಣಿಯಿಂದ ಬಿದ್ದದ್ದಾದರೆ ಅಂಕಿಯ ಶಿಖರ ಮೇಲಿನ ಕೆಲವು ಸೆಂ.ಮೀ.ಗಳಲ್ಲಿದ್ದು ಕೆಳಗೆ ಹೋದಂತೆ ಕುಸಿಯುತ್ತದೆ, ಬಂಡೆಯಿಂದ ಬಂದದ್ದಾದರೆ ಕೆಳಗೆ ಹೋದಂತೆ ಏರುತ್ತದೆ. ಉತ್ತ ಹೊಲದಲ್ಲಿ ಈ ಉಪಾಯ ನಡೆಯುವುದಿಲ್ಲ, ನೇಗಿಲು ಎಲ್ಲವನ್ನೂ ಕಲಸಿರುತ್ತದೆ. ನಿಮ್ಮ ಬದುವಿನ ಮೇಲೆ ಸಲಿಕೆ ತಾಗದ ಜಾಗವಿದ್ದರೆ ಅಲ್ಲಿಂದ ಶುರು ಮಾಡಿ.

ಇನ್ನೊಂದು ತೊಡಕೂ ಇದೆ, ನನಗೆ ಬಹಳ ಇಷ್ಟವಾದದ್ದು. ಮಣ್ಣು ತಾನೇ ತನ್ನ ಮೇಲ್ಪದರದಲ್ಲಿ ಕಾಂತಕಣಗಳನ್ನು ಹುಟ್ಟಿಸಿಕೊಳ್ಳುತ್ತದೆ! ಫ್ರಾನ್ಸಿನ ವಿಜ್ಞಾನಿ ಲ ಬೋರ್ನ್ 1955ರಲ್ಲೇ ಇದನ್ನು ತೋರಿಸಿದರು: ಕೆಳಗಿನ ಬಂಡೆಗಿಂತ ಮೇಲ್ಮಣ್ಣಿನ ಕಾಂತಗುಣ ಹೆಚ್ಚು. ನೆಲಕ್ಕೆ ಬೆಂಕಿ ಬಿದ್ದರೂ ಹೀಗಾಗುತ್ತದೆ. ಅದೃಷ್ಟಕ್ಕೆ, ಮಣ್ಣಿನಲ್ಲಿ ಹುಟ್ಟುವ ಕಣಗಳು ತೀರಾ ಸಣ್ಣವು, ಹಲವು 30 ನ್ಯಾನೋಮೀಟರಿಗಿಂತ ಚಿಕ್ಕವು. ಕುಲುಮೆಯ ಗುಂಡುಗಳು ಇವುಗಳ ಮುಂದೆ ದೈತ್ಯರು. ಮೀಟರಿನ ಕಾಂತಕ್ಷೇತ್ರ ಅತ್ತಿತ್ತ ತಿರುಗುತ್ತಲೇ ಇರುತ್ತದೆ. ಲ್ಯಾಬಿನಲ್ಲಿ ಒಂದೇ ಮಣ್ಣನ್ನು 465 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 465 ಆವರ್ತದ ವೇಗದಲ್ಲಿ ಒಮ್ಮೆ, 4650 ಹರ್ಟ್ಸ್‌ನಲ್ಲಿ ಇನ್ನೊಮ್ಮೆ ಅಳೆಯುತ್ತೇವೆ. ಸಣ್ಣ ಕಣಗಳಲ್ಲಿ ಕೆಲವು ಎರಡನೇ ಸಲದ ವೇಗಕ್ಕೆ ಹೊಂದಿಕೊಳ್ಳಲಾರದೆ ಅಂಕಿ ಇಳಿಯುತ್ತದೆ. ಇಳಿತ ಶೇಕಡಾ 10ರ ಆಸುಪಾಸಿನಲ್ಲಿದ್ದರೆ ಮಣ್ಣೇ ಮಾಡಿಕೊಂಡದ್ದೆಂಬ ಕಡೆಗೆ ವಾಲುತ್ತೇನೆ. 2ಕ್ಕಿಂತ ಕಡಿಮೆಯಿದ್ದು ಒಟ್ಟು ಅಂಕಿ ದೊಡ್ಡದಾಗಿದ್ದರೆ ಬೂದಿಯೋ ಬಂಡೆಯೋ ಎಂದು ವಿಚಾರಿಸುತ್ತೇನೆ.

ನಿಮ್ಮ ಮನೆಯಲ್ಲೇ ಮಾಡಬಹುದಾದದ್ದು: ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಒಣಮಣ್ಣಲ್ಲಿ ಆಡಿಸಿ. ಬಿಳಿ ಹಾಳೆಯ ಮೇಲೆ ಕವರಿನಿಂದ ಅಯಸ್ಕಾಂತ ಹೊರಗೆಳೆದರೆ ಪುಡಿ ಉದುರುತ್ತದೆ. ಮಗಳ ಶಾಲೆಯಲ್ಲಿ ಸೂಕ್ಷ್ಮದರ್ಶಕ ಇದ್ದರೆ ಅದರಡಿ ಇಟ್ಟು ನೋಡಲಿ. ಮೂಲೆ ಮುರಿದ, ಅಂಚುಳ್ಳ ಹರಳುಗಳಾದರೆ ಬಹುಶಃ ಬಂಡೆಯದ್ದು. ದುಂಡಗೆ ಮಿರಮಿರ ಮಿಂಚುವ ಗುಂಡುಗಳು ರಾಶಿಯಾಗಿದ್ದರೆ ಅವು ಬೆಂಕಿ ಕಂಡು ಬಂದವು. ಆಗ ಸೀಸ, ಕ್ಯಾಡ್ಮಿಯಂಗೆ ಮಣ್ಣು ಪರೀಕ್ಷೆ ಮಾಡಿಸಿ. ಹಳೇ ಕಾರ್ಖಾನೆ ಪಕ್ಕದಲ್ಲಿದ್ದ ಮೇಲೆ ಗುಂಡು ಕಾಣದಿದ್ದರೂ ಒಮ್ಮೆ ಮಾಡಿಸುವುದು ಒಳ್ಳೆಯದು.

ಪ್ರಶ್ನೆ: ಹಾಗಾದರೆ ಮೀಟರಿನಲ್ಲಿ ಕಡಿಮೆ ಅಂಕಿ ಬಂದರೆ ಮಣ್ಣು ಶುದ್ಧ ಎಂದು ಬರೆದುಕೊಡಬಹುದೇ? ಕೀಟನಾಶಕ, ಪಾದರಸ ಕೂಡ ಹೀಗೇ ಗೊತ್ತಾಗುತ್ತದೆಯೇ?

ಉತ್ತರ: ಬರೆದುಕೊಡಬಾರದು. ಕಬ್ಬಿಣದ ಕಣಗಳ ಜೊತೆ ಬಾರದ ಪಾದರಸ, ಆರ್ಸೆನಿಕ್, ಕೀಟನಾಶಕ ಮೀಟರಿನ ಪಾಲಿಗೆ ಇಲ್ಲವೇ ಇಲ್ಲ. ಅಲ್ಲದೆ ನೀರು ನಿಂತ ಗದ್ದೆ, ಜೌಗುಗಳಲ್ಲಿ ಆಮ್ಲಜನಕ ಸಿಗದೆ ಮ್ಯಾಗ್ನಟೈಟ್ ನಿಧಾನಕ್ಕೆ ಕರಗಿಹೋಗುತ್ತದೆ, ಸೀಸ ಅಲ್ಲೇ ಉಳಿದಿರಬಹುದು.

ತಿರುಗುಮುರುಗೂ ಆಗುತ್ತದೆ. ಅಮೆರಿಕದ ಮಿನೆಸೋಟಾದ ಬೆಮಿಜಿ ಬಳಿ 1979ರಲ್ಲಿ ಕಚ್ಚಾತೈಲದ ಕೊಳವೆ ಒಡೆಯಿತು. ತೈಲಕ್ಕೂ ಅಯಸ್ಕಾಂತಕ್ಕೂ ನೇರ ನಂಟಿಲ್ಲ. ಆದರೆ ತೈಲ ತಿನ್ನುವ ಕೆಲವು ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಆಮ್ಲಜನಕದ ಬದಲು ಮಣ್ಣಿನ ತುಕ್ಕನ್ನು ಬಳಸಿ ಅದನ್ನು ಮ್ಯಾಗ್ನಟೈಟ್ ಆಗಿಸಬಲ್ಲವು. ವರ್ಷಗಳ ಮೇಲೆ ಅಲ್ಲಿ ಕೊಳವೆಬಾವಿ ಕೊರೆದು ಅಳೆದಾಗ, ಅಂತರ್ಜಲ ಏರಿಳಿಯುವ ಪದರದಲ್ಲಿ ಕಾಂತಗುಣ ಏರಿದ್ದು ಕಂಡಿತು.

ಪ್ರಶ್ನೆ: ಮೊಬೈಲಿನ ದಿಕ್ಸೂಚಿ ಆ್ಯಪ್ ಇಟ್ಟುಕೊಂಡು ಅಳೆಯಬಹುದೇ?

ಉತ್ತರ: ಆಗುವುದಿಲ್ಲ. ಮೊಬೈಲ್ ಅಳೆಯುವುದು ಭೂಮಿಯ ಕಾಂತಕ್ಷೇತ್ರವನ್ನು, ಅದು ಜಾಗಕ್ಕೆ ತಕ್ಕಂತೆ ಸುಮಾರು 25ರಿಂದ 65 ಮೈಕ್ರೋಟೆಸ್ಲಾ. ಸಾಧಾರಣ ಮೇಲ್ಮಣ್ಣು ಅದರಲ್ಲಿ ತರುವ ವ್ಯತ್ಯಾಸ ಸಾವಿರದಲ್ಲೊಂದು ಪಾಲೂ ಇರುವುದಿಲ್ಲ. ಕೈ ಕೊಂಚ ಓರೆಯಾದರೆ ಅಂಕಿ ಅದಕ್ಕಿಂತ ಹೆಚ್ಚು ಕುಣಿಯುತ್ತದೆ. ಹೂತ ಕಬ್ಬಿಣದ ಪೈಪು ಸಿಕ್ಕೀತು, ಬೂದಿ ಸಿಗದು. ಮಣ್ಣನ್ನೇ ಲ್ಯಾಬಿಗೆ ಕಳಿಸಿ. ಪ್ಲಾಸ್ಟಿಕ್ ಚಮಚದಲ್ಲಿ ತೆಗೆದು, ನೆರಳಲ್ಲಿ ಒಣಗಿಸಿ, ನೈಲಾನ್ ಜರಡಿ ಹಿಡಿಯಿರಿ. ಕಬ್ಬಿಣದ ಜರಡಿ ಸವೆದು ತನ್ನ ಪುಡಿಯನ್ನೇ ಸೇರಿಸುತ್ತದೆ. ಪ್ರತಿ ಚೀಲದ ಮೇಲೆ ಜಾಗ, ಆಳ ಎರಡನ್ನೂ ಬರೆಯಿರಿ. ಆಳ ಬರೆಯದ ಚೀಲಗಳು ಬಂದರೆ ನಾನು ವಾಪಸು ಕಳಿಸುತ್ತೇನೆ.